ಅಜ್ಜಿಯ ಕೆಮ್ಮು, ವೈದ್ಯರ ಕಿವಿ

ಊರೂರಿನಲ್ಲೂ ಇಂಥದೊಂದು ಮನೆ ಇರುತ್ತದೆ. ಮನೆಯಲ್ಲಿ ಅರವತ್ತೆಂಟು ವರ್ಷದ ಅಜ್ಜಿ. ರಕ್ತದೊತ್ತಡವೊಂದನ್ನು ಬಿಟ್ಟರೆ ಗಟ್ಟಿಮುಟ್ಟು. ಒಂದು ದಿನ ಆಕೆಗೆ ಕೆಮ್ಮು ಶುರುವಾಯಿತು. ಕಫವಿಲ್ಲ, ಜ್ವರವಿಲ್ಲ. ಗಂಟಲಲ್ಲಿ ಯಾರೋ ಗರಿಯಾಡಿಸಿದ ಹಾಗೆ ಕೆರೆತ, ಅದರ ಹಿಂದೆಯೇ ಒಣ ಕೆಮ್ಮು. ರಾತ್ರಿ ಮಲಗಿದರೆ ಇನ್ನೂ ಹೆಚ್ಚು. ಶುಂಠಿ ಕಷಾಯ, ಮೆಣಸಿನ ಕಷಾಯ, ಜೇನುತುಪ್ಪ ಎಲ್ಲ ಆಯಿತು. ಕೆಮ್ಮು ಹೋಗಲಿಲ್ಲ.

ಮಗ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಬೆಳಗಿನ ಬಸ್ಸಿಗೆ ಹೋಗಿ, ಚೀಟಿ ಮಾಡಿಸಿ, ಮಧ್ಯಾಹ್ನದವರೆಗೆ ಕಾದು ಒಳಗೆ ಹೋದಾಗ ವೈದ್ಯರು ತಲೆಯೆತ್ತದೆ ಕೇಳಿದರು: ‘ಏನು ತೊಂದರೆ?’ ಅಜ್ಜಿ, ‘ಯುಗಾದಿ ಕಳೆದ ಮೇಲೆ ಡಾಕ್ಟ್ರೇ, ಮಗಳ ಮನೆಯಿಂದ ಬಂದೆ ನೋಡಿ, ಆವಾಗ...’ ಎಂದು ಆರಂಭಿಸಿದಳು. ‘ಅದಿರಲಿ ಅಮ್ಮ, ಎಷ್ಟು ದಿನದಿಂದ ಕೆಮ್ಮು? ಕಫ ಬರುತ್ತಾ?’ ಎಂದು ವೈದ್ಯರು ಮಾತು ತಡೆದರು. ಎರಡು ನಿಮಿಷದಲ್ಲಿ ಎಕ್ಸ್‌ರೇ, ರಕ್ತ ಪರೀಕ್ಷೆ, ಕಫ ಪರೀಕ್ಷೆಯ ಚೀಟಿಗಳು ಕೈಗೆ ಬಂದವು. ಎಲ್ಲದರಲ್ಲೂ ಏನೂ ಇಲ್ಲ ಎಂದು ಬಂತು. ಬೇರೆ ಆಸ್ಪತ್ರೆಗೆ ಹೋದರು. ಅಲ್ಲಿ ಎದೆಯ ಸ್ಕ್ಯಾನ್ ಆಯಿತು. ಅದರಲ್ಲೂ ಏನೂ ಇಲ್ಲ. ಮೂರು ಬಗೆಯ ಸಿರಪ್ಪು, ಎರಡು ಸುತ್ತು ಆ್ಯಂಟಿಬಯೋಟಿಕ್ ಖರ್ಚಾದವು. ಕೆಮ್ಮು ಮಾತ್ರ ಖರ್ಚಾಗಲಿಲ್ಲ.

ಇಷ್ಟರಲ್ಲಿ ಮನೆಯೊಳಗೆ ಇನ್ನೊಂದು ಬದಲಾವಣೆ ಆಗಿತ್ತು. ‘ಕ್ಷಯ ಇರಬಹುದೇನೋ’ ಎಂದು ಯಾರೋ ನೆಂಟರು ಅಂದದ್ದು ಸೊಸೆಯ ಕಿವಿಗೆ ಬಿದ್ದಿತ್ತು. ಅಜ್ಜಿಯ ತಟ್ಟೆ ಲೋಟ ಬೇರೆಯಾದವು. ಹಾಸಿಗೆ ಪಡಸಾಲೆಗೆ ಬಂತು. ‘ಅಜ್ಜಿ ಹತ್ರ ಹೋಗಬೇಡಿ’ ಎಂದು ಮೊಮ್ಮಕ್ಕಳಿಗೆ ತಾಕೀತಾಯಿತು. ಕಫ ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಬಂದ ಮೇಲೂ ತಟ್ಟೆ ಅಡುಗೆಮನೆಗೆ ಮರಳಲಿಲ್ಲ. ಕೆಮ್ಮಿದರೆ ಬಟ್ಟೆ ಒದ್ದೆಯಾಗುತ್ತದೆಂಬ ಸಂಕೋಚದಿಂದ ಆಕೆ ದೇವಸ್ಥಾನದ ಭಜನೆಗೆ ಹೋಗುವುದನ್ನೂ ಬಿಟ್ಟಳು. ಇದನ್ನು ಯಾವ ವೈದ್ಯರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ ಕೂಡ.

ನಾಲ್ಕು ತಿಂಗಳ ನಂತರ ಒಂದು ಮಳೆಯ ದಿನ ಬೇರೇನೋ ಕೆಲಸಕ್ಕೆಂದು ಹೋದವರು ಊರ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದೊಳಗೆ ಹೆಜ್ಜೆಯಿಟ್ಟರು. ಮಳೆಯಿಂದಾಗಿ ರೋಗಿಗಳಿರಲಿಲ್ಲ. ಅಲ್ಲಿದ್ದ ಯುವ ವೈದ್ಯೆ ಕುರ್ಚಿ ಎಳೆದು ಕೂರಿಸಿ, ‘ಹೇಳಿ ಅಜ್ಜಿ, ಮೊದಲಿಂದ ಹೇಳಿ’ ಎಂದರು. ಅಜ್ಜಿ ಹೇಳಿದಳು: ‘ಯುಗಾದಿಗೆ ಮಗಳ ಮನೆಗೆ ಹೋಗಿದ್ದೆನವ್ವ. ಅಲ್ಲಿ ತಲೆ ಸುತ್ತಿ ಬಂತು. ಅಲ್ಲಿಯ ಡಾಕ್ಟ್ರು ಬೀಪಿ ಜಾಸ್ತಿ ಆಗಿದೆ ಅಂತ ಮಾತ್ರೆ ಬದಲಾಯಿಸಿದರು. ಅಲ್ಲಿಂದ ಬಂದ ಹತ್ತು ದಿನಕ್ಕೆ ಈ ಹಾಳು ಕೆಮ್ಮು ಹಿಡೀತು.’ ವೈದ್ಯೆ ಚೀಲದಲ್ಲಿದ್ದ ಮಾತ್ರೆಯ ಹಾಳೆಯನ್ನು ತೆಗೆದು ನೋಡಿದರು. ಬೇರೆ ಮಾತ್ರೆ ಬರೆದುಕೊಟ್ಟರು. ಮೂರು ವಾರದಲ್ಲಿ ಕೆಮ್ಮು ನಿಂತಿತು.

ಹಾವಿನ ವಿಷದಿಂದ ಬಂದ ಮಾತ್ರೆ

ಇದರಲ್ಲಿ ಪವಾಡವೇನೂ ಇಲ್ಲ. ರಕ್ತದೊತ್ತಡ ಇಳಿಸುವ ಮಾತ್ರೆಗಳಲ್ಲಿ ಒಂದು ಗುಂಪು ಇದೆ. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಹೀಗೆ ‘ಪ್ರಿಲ್’ ಎಂದು ಮುಗಿಯುವ ಹೆಸರಿನವು. ಇವುಗಳ ಮೂಲಪುರುಷ ಕ್ಯಾಪ್ಟೊಪ್ರಿಲ್. ಬ್ರೆಜಿಲ್ ದೇಶದ ಜರರಾಕ ಎಂಬ ಮಂಡಲದ ಜಾತಿಯ ಹಾವು ಕಚ್ಚಿದರೆ ರಕ್ತದ ಒತ್ತಡ ಧಿಡೀರನೆ ಕುಸಿಯುತ್ತದೆ. ಆ ವಿಷದಲ್ಲಿರುವ ಸಣ್ಣ ಪ್ರೋಟೀನ್ ತುಣುಕುಗಳ ಅಧ್ಯಯನದಿಂದ ಹೊರಟು ವಿಜ್ಞಾನಿಗಳು ಈ ಔಷಧಿಯನ್ನು ರೂಪಿಸಿದರು. 1981ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಅನುಮತಿ ಸಿಕ್ಕಿತು. ಕೊಲ್ಲುವ ವಿಷದ ಗುಟ್ಟು ಕೋಟ್ಯಂತರ ಜನರ ಹೃದಯ ಕಾಯುವ ಮದ್ದಾಯಿತು.

ಈ ಮಾತ್ರೆ ನಮ್ಮ ದೇಹದ ಒಂದು ಕಿಣ್ವವನ್ನು ತಡೆಯುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ರಾಸಾಯನಿಕವೊಂದನ್ನು ತಯಾರಿಸುವುದು ಆ ಕಿಣ್ವದ ಕೆಲಸ. ಕಿಣ್ವ ಸುಮ್ಮನಾದರೆ ರಕ್ತನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಆದರೆ ಅದೇ ಕಿಣ್ವಕ್ಕೆ ಇನ್ನೊಂದು ಕೆಲಸವೂ ಇದೆ. ಬ್ರಾಡಿಕೈನಿನ್ ಎಂಬ ವಸ್ತುವನ್ನು ಅದು ಒಡೆದುಹಾಕುತ್ತದೆ. ಕಿಣ್ವ ಸುಮ್ಮನಾದಾಗ ಬ್ರಾಡಿಕೈನಿನ್ ಶೇಖರವಾಗಿ ಶ್ವಾಸನಾಳದ ನರಗಳನ್ನು ಕೆಣಕುತ್ತದೆ. ಕೆಮ್ಮು ಬರುವುದು ಹೀಗೆ ಎಂಬುದು ಮುಖ್ಯ ವಿವರಣೆ. ಈ ಮಾತ್ರೆ ನುಂಗುವವರಲ್ಲಿ ನೂರಕ್ಕೆ 5ರಿಂದ 20 ಮಂದಿಗೆ ಇಂಥ ಒಣಕೆಮ್ಮು ಬರುತ್ತದೆಂದು ಅಂದಾಜು. ಹೆಂಗಸರಿಗೆ ಹೆಚ್ಚು. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರಗಳಲ್ಲಿ, ಕೆಲವರಿಗೆ ಮೂರು ತಿಂಗಳವರೆಗೆ ಸಮಯ ಹಿಡಿದು, ಹೋಗುತ್ತದೆ. ಇದು ಎಲ್ಲ ವೈದ್ಯರಿಗೂ ಗೊತ್ತಿರುವ ವಿಷಯ. ಪಠ್ಯಪುಸ್ತಕದಲ್ಲಿರುವ ವಿಷಯ.

(ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಬಹುಪಾಲು ಜನರಿಗೆ ಇದು ಒಗ್ಗುವ, ಜೀವ ಉಳಿಸುವ ಮಾತ್ರೆ. ತಟ್ಟನೆ ಬಿಟ್ಟರೆ ಒತ್ತಡ ಏರಿ ಅಪಾಯವಾದೀತು. ಕೆಮ್ಮು ಇದ್ದರೆ ವೈದ್ಯರಿಗೆ ಹೇಳಬೇಕು, ಅಷ್ಟೆ.)

ಹಾಗಾದರೆ ಮೊದಲ ಇಬ್ಬರು ವೈದ್ಯರಿಗೆ ಇದು ಹೊಳೆಯಲಿಲ್ಲವೇಕೆ? ಅವರಿಗೆ ವಿದ್ಯೆ ಕಡಿಮೆಯಿತ್ತೆ? ಇಲ್ಲ. ಅಜ್ಜಿ ಆಡಬೇಕಿದ್ದ ಮಾತು ಆಕೆಯ ಗಂಟಲಲ್ಲೇ ಉಳಿದಿತ್ತು. ಯುಗಾದಿ, ಮಗಳ ಮನೆ ಎಂದು ಆಕೆ ತೊಡಗಿದ್ದು ಹರಟೆಯಲ್ಲ. ಆಕೆಯ ಕಾಲಗಣನೆ ಅದು. ಇನ್ನೆರಡು ವಾಕ್ಯ ಮುಂದೆ ಹೋಗಿದ್ದರೆ ಮಾತ್ರೆಯ ವಿಷಯ ಬರುತ್ತಿತ್ತು.

ಹದಿನೆಂಟನೆಯ ಸೆಕೆಂಡು

ಈ ಎರಡು ವಾಕ್ಯದ ಬೆಲೆಯನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬುವರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 74 ಭೇಟಿಗಳಲ್ಲಿ ವೈದ್ಯರು ಮತ್ತು ರೋಗಿಗಳ ನಡುವೆ ನಡೆದ ಮಾತುಕತೆಯನ್ನು ಅವರು ಧ್ವನಿಮುದ್ರಿಸಿ ಕೇಳಿದರು. ರೋಗಿ ಬಾಯಿ ತೆರೆದ ಸರಾಸರಿ 18ನೆಯ ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. ತಾವು ಹೇಳಬೇಕೆಂದು ಬಂದದ್ದನ್ನು ಪೂರ್ತಿ ಹೇಳಲು ಅವಕಾಶ ಸಿಕ್ಕಿದ್ದು 17 ಭೇಟಿಗಳಲ್ಲಿ ಮಾತ್ರ.

‘ಬಿಟ್ಟರೆ ಅವರು ಸಂಜೆವರೆಗೂ ಮಾತಾಡುತ್ತಾರೆ’ ಎಂಬುದು ವೈದ್ಯರ ಭಯ. ಈ ಭಯವನ್ನೂ ಪರೀಕ್ಷಿಸಲಾಗಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಆಸ್ಪತ್ರೆಯಲ್ಲಿ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ‘ರೋಗಿ ತಾನಾಗಿ ನಿಲ್ಲಿಸುವವರೆಗೆ ತಡೆಯಬೇಡಿ’ ಎಂದು ವೈದ್ಯರಿಗೆ ಹೇಳಿ, ರೋಗಿಗಳಿಗೆ ತಿಳಿಯದಂತೆ ಗಡಿಯಾರ ಇಡಲಾಯಿತು. 335 ರೋಗಿಗಳ ಸರಾಸರಿ ಮಾತು 92 ಸೆಕೆಂಡು. ನೂರರಲ್ಲಿ 78 ಮಂದಿ ಎರಡು ನಿಮಿಷದೊಳಗೆ ತಾವಾಗಿಯೇ ಮಾತು ಮುಗಿಸಿದರು. ಐದು ನಿಮಿಷ ದಾಟಿ ಮಾತಾಡಿದವರು ಏಳೇ ಮಂದಿ. ಅವರು ಹೇಳಿದ್ದೂ ಮುಖ್ಯವಾದದ್ದೇ ಎಂದು ವೈದ್ಯರೇ ಒಪ್ಪಿದರು. ಹದಿನೆಂಟನ್ನು ತೊಂಬತ್ತೆರಡರಿಂದ ಕಳೆದರೆ ಉಳಿಯುವುದು ಎಪ್ಪತ್ತನಾಲ್ಕು ಸೆಕೆಂಡು. ಒಂದೂಕಾಲು ನಿಮಿಷವೂ ಅಲ್ಲ!

ಅಷ್ಟನ್ನು ಕೊಟ್ಟರೆ ಬರುವ ಲಾಭವೇನು? 1975ರಲ್ಲಿ ಬ್ರಿಟನ್ನಿನ ಹ್ಯಾಂಪ್ಟನ್ ಮತ್ತು ಸಂಗಡಿಗರು ಹೊಸದಾಗಿ ಬಂದ 80 ಹೊರರೋಗಿಗಳನ್ನು ಗಮನಿಸಿದರು. ಕಳಿಸಿದ ವೈದ್ಯರ ಪತ್ರ ಓದಿ, ರೋಗಿಯ ಮಾತು ಕೇಳಿದಾಗ ತೋರಿದ ರೋಗನಿರ್ಣಯವೇ 66 ಮಂದಿಯಲ್ಲಿ ಕೊನೆಗೂ ಸರಿಯೆಂದು ನಿಂತಿತು. ಮೈ ಮುಟ್ಟಿ ಪರೀಕ್ಷಿಸಿದ ಮೇಲೆ ಅಭಿಪ್ರಾಯ ಬದಲಾದದ್ದು ಏಳು ಮಂದಿಯಲ್ಲಿ, ಪ್ರಯೋಗಾಲಯದ ಪರೀಕ್ಷೆಗಳಿಂದ ಬದಲಾದದ್ದು ಇನ್ನೇಳು ಮಂದಿಯಲ್ಲಿ. ಆಮೇಲಿನ ವರ್ಷಗಳಲ್ಲಿ ಯಂತ್ರಗಳು ಬಹಳ ಮುಂದುವರಿದಿವೆ, ನಿಜ. ಆದರೆ ಯಾವ ಯಂತ್ರವನ್ನು ಯಾವ ಅಂಗಕ್ಕೆ ತಿರುಗಿಸಬೇಕೆಂದು ಹೇಳುವುದು ಇಂದಿಗೂ ರೋಗಿಯ ಮಾತೇ. ಮಾತ್ರೆಯಿಂದ ಬಂದ ಕೆಮ್ಮು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ.

ಎದೆಗೂ ಕಿವಿಗೂ ನಡುವೆ

ವೈದ್ಯರ ಗುರುತೆಂದರೆ ಕೊರಳಲ್ಲಿನ ಸ್ಟೆತಾಸ್ಕೋಪು. ಅದು ಹುಟ್ಟಿದ ಕಥೆ ಸ್ವಾರಸ್ಯಕರ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯನ ಬಳಿಗೆ ಹೃದಯದ ತೊಂದರೆಯ ಯುವತಿಯೊಬ್ಬಳು ಬಂದಳು. ಅದುವರೆಗೆ ವೈದ್ಯರು ರೋಗಿಯ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುತ್ತಿದ್ದರು. ಲೆನೆಕ್‌ಗೆ ಸಂಕೋಚವಾಯಿತು. ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟ. ಹೃದಯದ ಬಡಿತ ಹಿಂದೆಂದೂ ಕೇಳದಷ್ಟು ಸ್ಪಷ್ಟವಾಗಿ ಕೇಳಿಸಿತು. ಕಾಗದದ ಸುರುಳಿ ಮರದ ಕೊಳವೆಯಾಯಿತು. 1819ರಲ್ಲಿ ಆತ ಈ ವಿಧಾನದ ಬಗ್ಗೆ ಗ್ರಂಥ ಬರೆದ. ಎದೆರೋಗಗಳನ್ನು ಕಿವಿಯಿಂದ ಗುರುತಿಸಲು ಲೋಕಕ್ಕೆ ಕಲಿಸಿದ ಆತ 1826ರಲ್ಲಿ ಕ್ಷಯದಿಂದಲೇ ತೀರಿಕೊಂಡ.

ಆಮೇಲೆ 1895ರಲ್ಲಿ ಎಕ್ಸ್ ಕಿರಣ ಬಂತು. 1971ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಸಿ.ಟಿ. ಸ್ಕ್ಯಾನ್ ಮಾಡಲಾಯಿತು. ಒಂದೊಂದು ಉಪಕರಣವೂ ರೋಗವನ್ನು ಹತ್ತಿರಕ್ಕೆ ತಂದಿತು. ರೋಗಿಯನ್ನು ಒಂದೊಂದು ಗೇಣು ದೂರಕ್ಕೆ ಸರಿಸಿತು. ಈಗ ಮೇಜಿನ ಮೇಲೆ ಕಂಪ್ಯೂಟರ್ ಕೂಡ ಬಂದು ಕುಳಿತಿದೆ. ವೈದ್ಯರ ಕಣ್ಣು ಪರದೆಯ ಮೇಲೆ, ರೋಗಿಯ ಕಣ್ಣು ವೈದ್ಯರ ಮೇಲೆ. ಉಪಕರಣ ಬೇಡವೆನ್ನುವುದು ಮೂರ್ಖತನ. ಲೆನೆಕ್ ಕೊಳವೆ ಹಿಡಿದದ್ದು ಚೆನ್ನಾಗಿ ಕೇಳಿಸಿಕೊಳ್ಳಲು ಎಂಬುದನ್ನು ಮಾತ್ರ ಮರೆಯಬಾರದು.

ಮಾತೂ ಒಂದು ಮದ್ದು

ವೈದ್ಯರ ನಡೆನುಡಿ ರೋಗಿಯ ಮೈಯೊಳಗೇ ಇಳಿಯುತ್ತದೆಂಬುದಕ್ಕೆ ಪುರಾವೆಗಳಿವೆ. 1983ರಲ್ಲಿ ಇಟಲಿಯ ಮಾನ್ಸಿಯಾ ಮತ್ತು ಸಂಗಡಿಗರು 48 ಮಂದಿಯ ರಕ್ತನಾಳದೊಳಗಿನಿಂದಲೇ ಒತ್ತಡವನ್ನು ಎಡೆಬಿಡದೆ ಅಳೆದರು. ವೈದ್ಯರು ಹಾಸಿಗೆಯ ಬಳಿ ಬಂದು ನಿಂತ ನಾಲ್ಕು ನಿಮಿಷದೊಳಗೆ ಮೇಲಿನ ಒತ್ತಡ ಸರಾಸರಿ 27 ಮಿಲಿಮೀಟರಿನಷ್ಟು ಏರಿತ್ತು! ಮಾತ್ರೆಯೊಂದು ಕಷ್ಟಪಟ್ಟು ಇಳಿಸುವುದಕ್ಕಿಂತ ಹೆಚ್ಚನ್ನು ಬರಿಯ ಬಿಳಿ ಕೋಟು ಏರಿಸಿಬಿಡುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಅಮೆರಿಕದ ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು ಕರುಳಿನ ಕಿರಿಕಿರಿಯಿಂದ ನರಳುವ 262 ರೋಗಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಬರಿಯ ಕಾಯುವಿಕೆ. ಎರಡನೆಯದಕ್ಕೆ ಸೂಜಿ ಚುಚ್ಚಿದಂತೆ ನಟಿಸುವ ಹುಸಿ ಚಿಕಿತ್ಸೆ, ಮಾತು ಮಾತ್ರ ಅಳೆದು ತೂಗಿ. ಮೂರನೆಯದಕ್ಕೆ ಅದೇ ಹುಸಿ ಚಿಕಿತ್ಸೆ, ಜೊತೆಗೆ ಆದರದ ಮಾತು, ತಾಳ್ಮೆಯ ಕಿವಿ, ಭರವಸೆ. ಮೂರು ವಾರದ ಬಳಿಕ ‘ಸಾಕಷ್ಟು ಉಪಶಮನವಾಗಿದೆ’ ಎಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 28, ಎರಡನೆಯದರಲ್ಲಿ 44, ಮೂರನೆಯದರಲ್ಲಿ 62. ಇದು ಪ್ರಕಟವಾದದ್ದು 2008ರಲ್ಲಿ. ನಗುಮುಖದಿಂದ ಕ್ಷಯದ ಕ್ರಿಮಿ ಸಾಯುವುದಿಲ್ಲ, ಮುರಿದ ಮೂಳೆ ಕೂಡುವುದಿಲ್ಲ. ಆದರೆ ನೋವು, ಸಂಕಟ, ಭಯ ಇವುಗಳ ಮಟ್ಟಿಗೆ ಮಾತು ಮದ್ದಿನಂತೆ ಕೆಲಸ ಮಾಡುತ್ತದೆ.

ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಕಾಲುಗಳನ್ನು ಹೇಳಿದೆ: ವೈದ್ಯ, ಔಷಧ, ಶುಶ್ರೂಷೆ ಮಾಡುವವರು ಮತ್ತು ರೋಗಿ. ರೋಗಿಯೂ ಒಂದು ಕಾಲು! ಆತನಿಗೆ ಇರಬೇಕಾದ ಗುಣಗಳೂ ನಾಲ್ಕು: ನೆನಪು, ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ರೋಗವನ್ನು ವಿವರಿಸಿ ತಿಳಿಸಬಲ್ಲವನಾಗಿರುವುದು. ವಿವರಿಸಬೇಕೆಂದರೆ ಎದುರಿಗೆ ಕೇಳುವ ಕಿವಿ ಇರಬೇಕೆಂಬುದು ಅಲ್ಲೇ ಅಡಗಿದೆ.

ಗ್ರಾಹಕರೋ, ರೋಗಿಯೋ?

ಈ ಸಂಬಂಧದಲ್ಲಿ ಈಗ ಕಾನೂನೂ ಒಂದು ಕುರ್ಚಿ ಹಾಕಿಕೊಂಡು ಕುಳಿತಿದೆ. 1995ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ನೀಡುವ ವೈದ್ಯಕೀಯ ಚಿಕಿತ್ಸೆಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಸೇವೆ’ಯೇ ಎಂದು ತೀರ್ಪಿತ್ತಿತು. 2005ರಲ್ಲಿ ಅದೇ ನ್ಯಾಯಾಲಯ ವೈದ್ಯರ ಪರವಾಗಿಯೂ ಒಂದು ಮಾತು ಹೇಳಿತು: ಚಿಕಿತ್ಸೆ ಫಲಿಸಲಿಲ್ಲವೆಂಬ ಕಾರಣಕ್ಕೇ ವೈದ್ಯರನ್ನು ಅಪರಾಧಿಯಾಗಿಸಲಾಗದು, ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯವೇ ಇರಬೇಕು. 2008ರ ತೀರ್ಪೊಂದು ಒಪ್ಪಿಗೆಯ ಬಗ್ಗೆ. ಪರೀಕ್ಷೆಗೆಂದು ಅರಿವಳಿಕೆ ಪಡೆದ ಮಹಿಳೆಯೊಬ್ಬರ ಗರ್ಭಕೋಶ, ಅಂಡಾಶಯಗಳನ್ನು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಲಾಗಿತ್ತು. ಪ್ರಾಣಾಪಾಯವಿಲ್ಲದಾಗ, ವಯಸ್ಕ ರೋಗಿಯ ಪರವಾಗಿ ಬೇರೊಬ್ಬರ ಒಪ್ಪಿಗೆ ಸಲ್ಲದು; ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ ಎಂದು ನ್ಯಾಯಾಲಯ ಹೇಳಿತು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕೆಂದು 2002ರ ವೈದ್ಯರ ನಡತೆಯ ನಿಯಮಗಳಲ್ಲಿದೆ. ಇನ್ನೊಂದು ಮಗ್ಗುಲಲ್ಲಿ, ಆಸ್ಪತ್ರೆಗೆ ನುಗ್ಗಿ ವೈದ್ಯರು, ದಾದಿಯರ ಮೇಲೆ ಕೈಮಾಡುವುದನ್ನು ತಡೆಯಲು ಕರ್ನಾಟಕ 2009ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು.

ಕಾನೂನು ಬೇಕು. ಆದರೆ ವೈದ್ಯರನ್ನು ರಕ್ಷಿಸಲು ಒಂದು ಕಾಯ್ದೆ, ರೋಗಿಯನ್ನು ರಕ್ಷಿಸಲು ಇನ್ನೊಂದು ಎಂದಾದಾಗ ಇಬ್ಬರ ನಡುವೆ ಏನೋ ಒಡೆದಿದೆ ಎಂದೇ ಅರ್ಥ. ಮೊಕದ್ದಮೆಗೆ ಅಂಜಿದ ವೈದ್ಯರು ಹತ್ತು ಪರೀಕ್ಷೆ ಹೆಚ್ಚಾಗಿ ಬರೆಯುತ್ತಾರೆ. ಅದನ್ನು ಕಂಡ ರೋಗಿ, ‘ಕಮಿಷನ್ನಿಗೆ ಬರೆದರು’ ಎನ್ನುತ್ತಾನೆ. ಅನುಮಾನಕ್ಕೆ ಅನುಮಾನ ಬಡ್ಡಿ ಸೇರಿಸುತ್ತದೆ.

ಎರಡು ಕಡೆಯ ಕೆಲಸ

ತಪ್ಪನ್ನೆಲ್ಲ ವೈದ್ಯರ ತಲೆಗೆ ಕಟ್ಟುವುದು ಸುಲಭ. ಒಂದು ಸಣ್ಣ ಲೆಕ್ಕ ಮಾಡಬಹುದು. ಬೆಳಿಗ್ಗೆ ಒಂಬತ್ತರಿಂದ ಒಂದು ಗಂಟೆಯವರೆಗೆ 240 ನಿಮಿಷ. ಹೊರಗೆ 120 ಮಂದಿ ಸಾಲು ನಿಂತಿದ್ದರೆ ಒಬ್ಬರಿಗೆ ಎರಡೇ ನಿಮಿಷ. 2017ರಲ್ಲಿ 67 ದೇಶಗಳ ಅಂಕಿಅಂಶ ಕೂಡಿಸಿ ನೋಡಿದವರಿಗೆ, ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು ಎಂದು ಕಂಡಿತು. ಸಾಲು ಉದ್ದವಿರುವುದಕ್ಕೆ ವೈದ್ಯರೊಬ್ಬರೇ ಹೊಣೆಯಲ್ಲ. ವೈದ್ಯರ ಸಂಖ್ಯೆ, ಆಸ್ಪತ್ರೆಗಳ ಹಂಚಿಕೆ, ನೆಗಡಿಗೂ ಜಿಲ್ಲಾಸ್ಪತ್ರೆಗೆ ಓಡುವ ನಮ್ಮ ಅಭ್ಯಾಸ ಎಲ್ಲ ಅದರಲ್ಲಿ ಸೇರಿದೆ. 2019ರಿಂದ ನಮ್ಮ ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮದಲ್ಲಿ ರೋಗಿಯೊಡನೆ ಮಾತಾಡುವ ರೀತಿನೀತಿಗಳೂ ಸೇರಿವೆ. ಕಲಿತದ್ದನ್ನು ಉಪಯೋಗಿಸಲು ವೈದ್ಯರಿಗೆ ಸಮಯವನ್ನೂ ಒದಗಿಸಬೇಕಲ್ಲವೆ?

ಅಷ್ಟರವರೆಗೆ ಇರುವ ಎರಡು ನಿಮಿಷವನ್ನು ರೋಗಿಯೂ ಜಾಣತನದಿಂದ ಬಳಸಬೇಕು. ತೊಂದರೆ ಎಂದಿನಿಂದ, ಅದಕ್ಕೆ ಸ್ವಲ್ಪ ಮೊದಲು ಏನು ಬದಲಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದೊಯ್ಯಬೇಕು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ, ನಾಟಿ ಔಷಧಿಯನ್ನೂ ಬಿಡದೆ, ಒಂದು ಚೀಲಕ್ಕೆ ಹಾಕಿ ಮೇಜಿನ ಮೇಲಿಡಬೇಕು. ಕೇಳಬೇಕಾದ ಮುಖ್ಯ ಪ್ರಶ್ನೆಯನ್ನು ಬಾಗಿಲು ದಾಟುವಾಗ ಅಲ್ಲ, ಕುಳಿತೊಡನೆ ಕೇಳಬೇಕು. ಮಾತ್ರೆ ಬಿಟ್ಟಿದ್ದರೆ, ದುಡ್ಡಿಲ್ಲದೆ ಅರ್ಧಕ್ಕೆ ನಿಲ್ಲಿಸಿದ್ದರೆ ಮುಚ್ಚಿಡಬಾರದು. ‘ಬೆಳಿಗ್ಗೆ ಒಂದು, ರಾತ್ರಿ ಊಟದ ಮೇಲೆ ಒಂದು, ಅಲ್ಲವೆ ಡಾಕ್ಟ್ರೇ?’ ಎಂದು ತಿಳಿದದ್ದನ್ನು ತಿರುಗಿ ಹೇಳಿ ಖಚಿತ ಮಾಡಿಕೊಂಡೇ ಏಳಬೇಕು. ಹಿರಿಯರ ಜೊತೆ ಹೋದವರು ಅವರ ಪರವಾಗಿ ತಾವೇ ಎಲ್ಲ ಒದರುವುದನ್ನೂ ಬಿಡಬೇಕು. ಆ ಅಜ್ಜಿಯ ಮಗನೂ ಒಮ್ಮೆ, ‘ಸುಮ್ನಿರಮ್ಮ, ನಾನು ಹೇಳ್ತೀನಿ’ ಎಂದು ಗದರಿದ್ದ.

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆಯನ್ನು ನಾವು ಅನುಕೂಲದ ಆಕಸ್ಮಿಕಕ್ಕೆ ಹೇಳುತ್ತೇವೆ. ರೋಗಿ ಏನು ಬಯಸಿದ ಎಂಬುದು ವೈದ್ಯರಿಗೆ ಗೊತ್ತಾಗಬೇಕಾದರೆ ಮೊದಲು ಅವನನ್ನು ಕೇಳಬೇಕಷ್ಟೆ.

ಅಜ್ಜಿಯ ತಟ್ಟೆ ಈಗ ಅಡುಗೆಮನೆಯಲ್ಲಿ ಉಳಿದ ತಟ್ಟೆಗಳ ಜೊತೆಗಿದೆ. ಶನಿವಾರದ ಭಜನೆಗೂ ಆಕೆ ಹೋಗುತ್ತಾಳೆ. ಆ ದಿನ ಮಳೆ ಬಾರದೆ, ಆರೋಗ್ಯ ಕೇಂದ್ರದಲ್ಲಿ ಎಂದಿನಂತೆ ನೂರು ಮಂದಿ ಇದ್ದಿದ್ದರೆ ಇನ್ನೊಂದು ಸಿರಪ್ಪಿನ ಚೀಟಿ ಹಿಡಿದೇ ಆಕೆ ಮನೆಗೆ ಬರುತ್ತಿದ್ದಳೇನೋ. ರೋಗಿಯ ಮಾತಿಗೆ ಕಿವಿ ಸಿಗಲು ಮಳೆಯನ್ನು ನೆಚ್ಚುವಂತಾಗಬಾರದು.